ಹೊಳೆ ದಾರಿ ಬದಲಿಸಿದ ವರ್ಷ

ಊರಿನವರೆಲ್ಲ ಅವಳನ್ನು ದೋಣಿಯಕ್ಕ ಎನ್ನುತ್ತಿದ್ದರು. ಹಲ್ಲು ಬಿದ್ದ ಮುದುಕರೂ ಹಾಗೇ ಕರೆಯುತ್ತಿದ್ದರು. ಅಲುಗಾಡುವ ಹಲಗೆಯ ಮೇಲೆ ಕಾಲಿಡುವಾಗ ಯಾರಿಗೂ ತಮ್ಮ ವಯಸ್ಸು ನೆನಪಿರುವುದಿಲ್ಲ, ಬೀಳದಿದ್ದರೆ ಸಾಕು ಅನ್ನುವುದೊಂದೇ ಇರುತ್ತದೆ. ಅಪ್ಪ ತೀರಿಕೊಂಡಾಗ ಅಣ್ಣ ಆಗಲೇ ಲಾರಿ ಹತ್ತಿ ದೂರದೂರಿನ ದಾರಿ ಹಿಡಿದಿದ್ದ. ಅಪ್ಪನ ದೋಣಿಯ ಹುಟ್ಟು ಅವಳ ಕೈಗೆ ಬಂತು. ಮದುವೆಯ ಮಾತು ಎರಡು ಮೂರು ಸಲ ಬಂದು, ದಡ ಮುಟ್ಟದೆ ಹಾಗೇ ತೇಲಿಹೋಯಿತು. ನಲವತ್ತು ದಾಟಿದ ಮೇಲೆ ಕೇಳುವವರೂ ನಿಂತರು. ಕಡವಿನ ಪಕ್ಕದಲ್ಲೇ ಮನೆ. ಮುಂದಿನ ಕೋಣೆಯಲ್ಲಿ ಅತ್ತಿಗೆಯ ಇಸ್ತ್ರಿ ಅಂಗಡಿ, ಹಿಂದಿನ ಕೋಣೆಯಲ್ಲಿ ಅವಳ ಮಂಚ, ಮಂಚದ ಪಕ್ಕದ ಕಿಟಕಿಯಲ್ಲಿ ಹೊಳೆ.

ಹೊಳೆ ದೊಡ್ಡದೇನಲ್ಲ. ಭೂಪಟದಲ್ಲಿ ಹುಡುಕಿದರೆ ಕೂದಲೆಳೆಯಷ್ಟು ಗೆರೆ. ಆದರೆ ಊರಿನ ಹತ್ತಿರ ಬಂದಾಗ ಅದಕ್ಕೆ ಏನು ಮರೆತುಹೋಗಿತ್ತೋ, ನೇರ ಹೋಗುವುದು ಬಿಟ್ಟು ಕುದುರೆ ಲಾಳದ ಹಾಗೆ ಒಂದು ದೊಡ್ಡ ಸುತ್ತು ಹಾಕಿ, ತಿರುಗಿದ ಜಾಗದ ಹತ್ತಿರಕ್ಕೇ ಮತ್ತೆ ಬಂದು, ಆಮೇಲೆ ಮುಂದಕ್ಕೆ ಹೋಗುತ್ತಿತ್ತು. ಲಾಳದ ಒಳಗೆ ಸಿಕ್ಕಿಕೊಂಡ ನೆಲ ನಾಲಿಗೆಯಂತೆ ಚಾಚಿಕೊಂಡಿತ್ತು. ಜನ ಅದನ್ನು ನಾಲಿಗೆ ಅಂತಲೇ ಕರೆಯುತ್ತಿದ್ದರು. ಮೂರು ಕಡೆ ನೀರು, ನಾಲ್ಕನೆಯ ಕಡೆ ಸಣ್ಣದೊಂದು ಕತ್ತು. ಆ ಕತ್ತಿನ ಆಚೆ ಬರೀ ಮುಳ್ಳುಕಾಡು. ಹಾಗಾಗಿ ಅಲ್ಲಿನ ಹತ್ತಿಪ್ಪತ್ತು ಮನೆಯವರಿಗೆ ಊರಿಗೆ ಬರಲು ದೋಣಿಯೇ ಗತಿ. "ನಾಲಿಗೆ ಮೇಲಿರೋರು ನಾವು, ಸುಳ್ಳು ಹೇಳಿದ್ರೆ ಜಾರಿ ಹೊಳೆಗೇ ಬೀಳ್ತೀವಿ" ಎಂದು ಅವರು ನಗುತ್ತಿದ್ದರು.

ಆ ಮನೆಗಳಲ್ಲೊಂದು ತಕ್ಕಡಿಯಣ್ಣನದು. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು, ಸವೆದ ತೂಕದ ಬಟ್ಟುಗಳನ್ನು ಸರಿಮಾಡುವುದು ಅವನ ಕಸುಬು. ಹೆಂಡತಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಮಗಳು ಮದುವೆಯಾಗಿ ಹೊಳೆ ಮುಗಿಯುವ ಕಡೆಯ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಬೆಳಿಗ್ಗೆ ಕಬ್ಬಿಣದ ಬಟ್ಟುಗಳ ಚೀಲ ಹೆಗಲಿಗೇರಿಸಿಕೊಂಡು ಬಂದು ಅವನು ದೋಣಿಯ ನಡುವೆ ಕೂತರೆ, ದೋಣಿ ಒಂದು ಬೆರಳು ಕೆಳಗಿಳಿಯುತ್ತಿತ್ತು. ಬೆನ್ನು ಹಾಕಿ ಕೂತಿದ್ದರೂ ದೋಣಿಯಕ್ಕನಿಗೆ ಗೊತ್ತಾಗುತ್ತಿತ್ತು, ಬಂದವರು ಯಾರು ಅಂತ.

ಊರಿಗೆಲ್ಲ ಅವನು ಅಣ್ಣ. ಅವಳು ಮಾತ್ರ ಒಂದು ದಿನವೂ ಅಣ್ಣ ಅನ್ನಲಿಲ್ಲ. "ಹುಷಾರು", "ಈ ಕಡೆ ಕೂತ್ಕೊಳ್ಳಿ", "ಇವತ್ತು ತಡ ಆಯ್ತಲ್ಲ" ಎಂದು ಹೆಸರಿಲ್ಲದ ಮಾತಿನಲ್ಲೇ ಸಾಗಿಸುತ್ತಿದ್ದಳು. ಅವನೂ ಅಷ್ಟೆ, ಊರೆಲ್ಲ ಅಕ್ಕ ಅಂದರೂ ಅವನ ಬಾಯಲ್ಲಿ ಅವಳು ಬರೀ "ನೀವು". ಇದನ್ನು ಅತ್ತಿಗೆ ಒಂದೇ ವಾರದಲ್ಲಿ ಪತ್ತೆ ಹಚ್ಚಿದ್ದಳು. "ಏನೇ, ಆ ಮನುಷ್ಯನಿಗೆ ಮಾತ್ರ ಅಣ್ಣ ಅನ್ನೋಕೆ ನಿನ್ನ ಬಾಯಿಗೆ ಏನಾಗುತ್ತೆ?" ಎಂದು ಕೇಳಿದಾಗ ದೋಣಿಯಕ್ಕ, "ಒಬ್ಬ ಅಣ್ಣನನ್ನ ಕಟ್ಕೊಂಡು ನೀನು ಪಡ್ತಿರೋದು ಸಾಲ್ದಾ?" ಎಂದು ಮಾತು ತೇಲಿಸಿದ್ದಳು.

ದಾಟುವಷ್ಟು ಹೊತ್ತು ಅವನು ಹೊಳೆಯ ಕಥೆ ಹೇಳುತ್ತಿದ್ದ. ಹರೆಯದಲ್ಲಿ ಚೀಲ ಹೊತ್ತು ಊರೂರು ತಿರುಗುತ್ತ, ಹೊಳೆ ಹುಟ್ಟುವಲ್ಲಿಂದ ಮುಗಿಯುವವರೆಗೂ ದಂಡೆ ಹಿಡಿದು ನಡೆದವನು ಅವನು. ಅವಳಿಗೋ ಹೊಳೆಯ ಅಡ್ಡ ಗೊತ್ತಿತ್ತು, ಉದ್ದ ಗೊತ್ತಿರಲಿಲ್ಲ. ಈ ದಂಡೆಯಿಂದ ಆ ದಂಡೆ, ಆ ದಂಡೆಯಿಂದ ಈ ದಂಡೆ, ಇಷ್ಟರಲ್ಲೇ ಅವಳ ಇಪ್ಪತ್ತು ವರ್ಷ ಕಳೆದಿತ್ತು.

"ಕಲ್ಲು ಕ್ವಾರಿ ಹಿಂದೆ ಒಂದು ವಾಲಿದ ಬಂಡೆ ಇದೆ. ಅದರ ಅಡಿಯಿಂದ ಜಿನುಗುತ್ತೆ, ಮಣಿಕಟ್ಟಿನಷ್ಟು ದಪ್ಪ. ಅಲ್ಲಿ ಅದು ಹೊಳೆ ಅಂತ ಅದಕ್ಕೇ ಗೊತ್ತಿರಲ್ಲ."

"ಆಮೇಲೆ?"

"ಆಮೇಲೆ ನಾಳೆ. ದಡ ಬಂತು."

ಮರುದಿನ ಹೊಳೆ ಒಂದು ಹಳ್ಳವನ್ನು ಜೊತೆ ಮಾಡಿಕೊಳ್ಳುತ್ತಿತ್ತು. ಇನ್ನೊಂದು ದಿನ ಬಂಡೆಗಳ ಸಂದಿಯಲ್ಲಿ ಹೊಕ್ಕು ಕಾಣೆಯಾಗಿ, ಬತ್ತಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಸದ್ದು ಮಾಡುತ್ತ ಮೇಲೆ ಬರುತ್ತಿತ್ತು. ಕೆಲವೊಮ್ಮೆ ಹೇಳಿದ್ದನ್ನೇ ಹೇಳುತ್ತಿದ್ದ. ಅವಳು ಹಿಂದೆಂದೂ ಕೇಳಿರದವಳಂತೆ ಕೇಳುತ್ತಿದ್ದಳು. ಇಸ್ತ್ರಿ ಅಂಗಡಿಯ ಕಿಟಕಿಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತಿಗೆ, "ನದೀಮೂಲ ಕೇಳಬಾರದು ಅಂತಾರೆ ಹಿರಿಯರು, ಈ ಮಹಾಶಯರು ದಿನಾ ಅದನ್ನೇ ಹೇಳ್ತಾರಲ್ಲ!" ಎಂದು ಗೊಣಗುತ್ತಿದ್ದಳು.

ಕಥೆ ಊರು ದಾಟಿ ಕೆಳಕ್ಕೆ ಇಳಿಯಿತು. ಹಿಟ್ಟಿನ ಗಿರಣಿಯ ಒಡ್ಡು ಬಂತು, ರೈಲು ಸೇತುವೆ ಬಂತು, ಹೊಳೆ ಎರಡಾಗಿ ಸೀಳಿ ನಡುವೆ ಒಂದೇ ಒಂದು ಮನೆಯಿರುವ ದಿಬ್ಬವನ್ನು ಬಳಸುವ ಜಾಗ ಬಂತು. ಅಲ್ಲಿಗೆ ಮಳೆಗಾಲ ಕಾಲಿಟ್ಟಿತು.

ಆ ವರ್ಷದ ಮಳೆ ಹಿಂದೆಂದೂ ಕಂಡದ್ದಲ್ಲ. ವಾರವಿಡೀ ದೋಣಿಯನ್ನು ಮನೆಯ ಗೋಡೆಗೇ ಕಟ್ಟಿಹಾಕಬೇಕಾಯಿತು. ಮಳೆ ನಿಂತ ಬೆಳಿಗ್ಗೆ ದೋಣಿಯಕ್ಕ ಕಡವಿಗೆ ಬಂದು ನೋಡಿದರೆ ನೀರು ತುಂಬಿತ್ತು, ಆದರೆ ಏನೋ ಸರಿಯಿರಲಿಲ್ಲ. ಸದ್ದಿಲ್ಲ. ಒಂದು ಕಡ್ಡಿ ಮುರಿದು ನೀರಿಗೆ ಎಸೆದಳು. ಕಡ್ಡಿ ಬಿದ್ದಲ್ಲೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೂ ಅಲ್ಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಹೊಳೆ ನಾಲಿಗೆಯ ಕತ್ತನ್ನು ಕೊಯ್ದುಕೊಂಡು ನೇರವಾಗಿ ಹೋಗಿಬಿಟ್ಟಿದೆ. ಯಾವ ಕಾಲದಿಂದಲೋ ಹಾಕುತ್ತಿದ್ದ ಸುತ್ತು ಅದಕ್ಕೆ ಸಾಕಾಗಿತ್ತು. ಲಾಳದಲ್ಲಿ ಉಳಿದದ್ದು ನಿಂತ ನೀರು. ಕೆಲವೇ ವಾರಗಳಲ್ಲಿ ಲಾಳದ ಎರಡೂ ತುದಿಯಲ್ಲಿ ಮರಳು ಕೂತು ಮುಚ್ಚಿಕೊಂಡಿತು. ಹೊಳೆಯ ಆಚೆಯಿದ್ದ ನಾಲಿಗೆ ಈಗ ಈಚೆಯಾಯಿತು. ಪುರಸಭೆಯವರು ಮರಳಿನ ಮೇಲೆ ಜಲ್ಲಿ ಸುರಿದು ರೋಲರ್ ಓಡಿಸಿದರು. ನಾಲಿಗೆಯವರು ಹುಚ್ಚೆದ್ದು ಕುಣಿದರು. ಕುಣಿಯದೆ ಏನು, ಇನ್ನು ಸೈಕಲ್ ಬರುತ್ತದೆ, ತಳ್ಳುಗಾಡಿ ಬರುತ್ತದೆ, ಬಸುರಿಯನ್ನು ದೋಣಿಯಲ್ಲಿ ಮಲಗಿಸಿಕೊಂಡು ಬರುವ ಕಷ್ಟವಿಲ್ಲ. ದೋಣಿಯಕ್ಕನಿಗೂ ಅದು ಅರ್ಥವಾಗುತ್ತಿತ್ತು. ಅವಳೇ ಎಷ್ಟು ಬಸುರಿಯರನ್ನು ದಾಟಿಸಿದ್ದಳೋ.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಗಾದೆ," ಎಂದಳು ಅತ್ತಿಗೆ. "ಇಲ್ಲಿ ಹೊಳೆನೇ ದಾಟಿ ಹೋಯ್ತು. ಆ ದೋಣಿ ಮಾರಿ ನನ್ನ ಜೊತೆ ಇಸ್ತ್ರಿ ಹಾಕು ಬಾ."

ಅವಳು ಮಾರಲಿಲ್ಲ. ಪ್ರತಿ ಬೆಳಿಗ್ಗೆ ದೋಣಿಯನ್ನು ಒರೆಸಿ, ಬಿರುಕಿಗೆ ಡಾಂಬರು ಮೆತ್ತಿ, ಹುಟ್ಟನ್ನು ಅಡ್ಡಲಾಗಿಟ್ಟುಕೊಂಡು ಕೂರುತ್ತಿದ್ದಳು. ರಸ್ತೆ ಸ್ವಲ್ಪ ಬಳಸು, ದೋಣಿಯಲ್ಲಾದರೆ ನೇರ ಮಾರ್ಕೆಟ್ಟಿಗೆ. ಆದರೆ ಯಾರೂ ಬರಲಿಲ್ಲ. ಅವಳು ಕಾಯುತ್ತಿದ್ದದ್ದು ಯಾರಿಗೋ ಅಲ್ಲ, ಒಬ್ಬರಿಗೆ. ರಸ್ತೆಯಿದ್ದೂ ದೋಣಿ ಹತ್ತಿದರೆ ಅದರರ್ಥ ಬೇರೆಯೇ ಆಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಅದಕ್ಕೇ ಕಾಯುತ್ತಿದ್ದಳು. ಮೊದಮೊದಲು ರಸ್ತೆಯ ಕಡೆ ಕಣ್ಣು ಹಾಯಿಸಿ ಅವನ ಚೀಲ ಕಾಣುತ್ತದೋ ಎಂದು ನೋಡಿದಳು. ಕಾಣಲಿಲ್ಲ. ನನ್ನ ಕಣ್ಣಿಗೆ ಬೀಳಬಾರದೆಂದೇ ಬೇರೆ ಹೊತ್ತಿನಲ್ಲಿ ಹೋಗುತ್ತಿರಬೇಕು ಎಂದುಕೊಂಡಳು. ಆ ಯೋಚನೆ ಬಂದ ದಿನ ಊಟ ಸೇರಲಿಲ್ಲ.

ನಿಂತ ನೀರಿನಲ್ಲಿ ಪಾಚಿ ಕಟ್ಟಿತು. ಅಂಚಿನಲ್ಲಿ ಜೊಂಡು ಎದ್ದಿತು. ಅವಳ ಕೈಗಳು ಮೆತ್ತಗಾದವು. ಬೆಳಿಗ್ಗೆ ಎದ್ದು ಅಂಗೈ ಉಜ್ಜಿ ನೋಡಿದರೆ ಹುಟ್ಟು ಹಿಡಿದು ಬಂದ ಗಟ್ಟಿಚರ್ಮ ಸಿಪ್ಪೆಯಂತೆ ಸುಲಿಯುತ್ತಿತ್ತು. ಅಷ್ಟು ವರ್ಷ ತನಗೂ ಅವನಿಗೂ ನಡುವೆ ಒಂದು ಹೊಳೆ ಇತ್ತು, ಈಗ ಏನೂ ಇಲ್ಲ. ನಡುವೆ ಏನೂ ಇಲ್ಲದಿರುವುದೇ ಇಷ್ಟು ದೂರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಕಿರಾಣಿ ಅಂಗಡಿಯ ಸಾಹುಕಾರ ಅಂಗಿಗಳ ಗಂಟು ಹೊತ್ತು ಇಸ್ತ್ರಿಗೆ ಬಂದ. ದೋಣಿಯಕ್ಕ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಅತ್ತಿಗೆ ಇಸ್ತ್ರಿಪೆಟ್ಟಿಗೆ ಉಜ್ಜುತ್ತಲೇ ಲೋಕಾಭಿರಾಮ ಕೇಳಿದಳು.

"ನಮ್ಮ ತಕ್ಕಡಿಯಣ್ಣ ನಿಮ್ಮ ಅಂಗಡಿ ಕಡೆ ಬರ್ತಿದಾರಾ? ಈ ಕಡೆ ಸುಳಿವೇ ಇಲ್ಲ."

"ಅವರ ಕೈಗೆ ನನ್ನ ತಕ್ಕಡಿ ಕೊಟ್ಟು ಎರಡು ವರ್ಷ ಆಯ್ತಲ್ಲಮ್ಮ. ಈಗ ಎಲ್ಲರದೂ ಕರೆಂಟಿನ ತಕ್ಕಡಿ. ಬಟ್ಟು ಯಾರು ಹಾಕ್ತಾರೆ?"

"ಎರಡು ವರ್ಷನಾ? ಮಳೆ ಬರೋವರೆಗೂ ದಿನಾ ದಾಟಿ ಬರ್ತಿದ್ರಲ್ಲ, ಚೀಲ ಹೊತ್ಕೊಂಡು!"

"ಬರ್ತಿದ್ರು. ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ ಕೂತಿರ್ತಿದ್ರು. ಮಧ್ಯಾಹ್ನ ಒಂದು ಚಹಾ ಕುಡಿಯೋರು. ಸಂಜೆ ಆದ ಕೂಡ್ಲೇ ಎದ್ದು ಕಡವಿನ ಕಡೆ ಹೊರಡೋರು. ಯಾಕಣ್ಣ ಸುಮ್ನೆ ಬರ್ತೀರಾ ಅಂತ ಒಂದ್ಸಲ ಕೇಳಿದೆ. 'ಅಭ್ಯಾಸ' ಅಂದ್ರು."

ಸುಟ್ಟ ವಾಸನೆ ಬಂತು. ಅತ್ತಿಗೆಯ ಕೈ ಅಲ್ಲೇ ನಿಂತು ಸಾಹುಕಾರನ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು ಮೂಡಿತ್ತು. ಸಾಹುಕಾರ ಕೂಗಾಡಿದ, ಅತ್ತಿಗೆ ಅದಕ್ಕಿಂತ ಜೋರಾಗಿ ಕೂಗಾಡಿದಳು. ಆ ಗದ್ದಲದಲ್ಲಿ ಹಿಂದಿನ ಬಾಗಿಲಿಂದ ದೋಣಿಯಕ್ಕ ಹೊರಟುಹೋದದ್ದು ಯಾರಿಗೂ ತಿಳಿಯಲಿಲ್ಲ.

ಹೊಸ ರಸ್ತೆಯ ಮೇಲೆ ಅವಳು ಕಾಲಿಟ್ಟದ್ದು ಅದೇ ಮೊದಲು. ಇಪ್ಪತ್ತು ವರ್ಷ ಆ ದಂಡೆಗೆ ದೋಣಿ ತಾಗಿಸಿದ್ದರೂ ದಂಡೆ ಹತ್ತಿ ಆಚೆ ಹೋದವಳಲ್ಲ. ಕೇಳಿಕೊಂಡು ಹೋಗಿ ನೋಡಿದರೆ ಅವನ ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿ ಬಲೆ ಹೆಣೆಯುತ್ತ ಕೂತಿದ್ದಳು.

"ಮಗಳು ಬಂದು ಕರ್ಕೊಂಡು ಹೋದ್ಲಮ್ಮ, ಹತ್ತು ದಿನ ಆಯ್ತು. ಚೊಚ್ಚಲ ಬಸುರಿ. ಅಪ್ಪ ಒಬ್ಬನೇ ಇಲ್ಲಿ ಕೂತು ಏನು ಮಾಡ್ತೀಯ ಅಂದ್ಲು." ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ದೋಣಿಯವಳಲ್ವಾ? ಬೆಳಿಗ್ಗೆ ಬೆಳಿಗ್ಗೆ ಆ ಮರದ ಮರೆಗೆ ನಿಂತು ನಿನ್ನ ದೋಣಿನೇ ನೋಡ್ತಿದ್ದ. ಹೋಗಿ ಹತ್ತೋಕೆ ಏನು ಧಾಡಿನೋ ನಿನಗೆ ಅಂದೆ. 'ಈಗ ರಸ್ತೆ ಇದೆಯಲ್ಲಮ್ಮ, ಏನು ಕಾರಣ ಹೇಳಿ ಹತ್ತಲಿ' ಅಂದ."

ದೋಣಿಯಕ್ಕ ಆ ಮರದ ಹತ್ತಿರ ಹೋಗಿ ನಿಂತಳು. ಅಲ್ಲಿಂದ ಅವಳ ಕಡವು, ದೋಣಿ, ಇಸ್ತ್ರಿ ಅಂಗಡಿಯ ಕಿಟಕಿ ಎಲ್ಲವೂ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ದಿನವೂ ತಾನು ರಸ್ತೆ ನೋಡುತ್ತಿದ್ದೆ, ಒಂದು ಸಲವೂ ಎದುರಿನ ದಂಡೆ ನೋಡಲಿಲ್ಲ ಎಂದುಕೊಂಡಾಗ ಅವಳಿಗೆ ಅಳು ಬಂತು. ಅತ್ತಳು. ನೋಡುವವರು ಯಾರೂ ಇರಲಿಲ್ಲ.

ಆ ವಾರ ಅಣ್ಣ ಲಾರಿ ಬಿಟ್ಟು ಮನೆಗೆ ಬಂದಿದ್ದ. ದೋಣಿಯನ್ನು ಹೊಸ ಹೊಳೆಗೆ ಇಳಿಸಿಕೊಡು ಎಂದು ಕೇಳಿದಳು. ಯಾಕೆ ಏನು ಎಂದು ಅವನು ಕೇಳಲಿಲ್ಲ. ಹೆಂಡತಿ ಆಗಲೇ ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳಿದ್ದಳು. ನಾಲ್ವರು ಹಮಾಲರನ್ನು ಕರೆತಂದು, ದೋಣಿಯನ್ನು ತಳ್ಳುಗಾಡಿಯ ಮೇಲೆ ಕಟ್ಟಿ, ರಸ್ತೆ ದಾಟಿಸಿ, ಕತ್ತು ಕೊಯ್ದ ಜಾಗದಲ್ಲಿ ಹರಿಯುವ ನೀರಿಗೆ ಬಿಟ್ಟ. ನೀರು ಮುಟ್ಟಿದ ಕೂಡಲೇ ದೋಣಿ ಹಗ್ಗ ಜಗ್ಗಿತು, ಕಟ್ಟಿಹಾಕಿದ್ದ ಕರು ಜಗ್ಗಿದ ಹಾಗೆ.

"ಉದ್ದಕ್ಕೆ ಯಾವತ್ತಾದ್ರೂ ಹೋಗಿದೀಯೇನೇ? ದಾರಿ ಗೊತ್ತಾ?" ಅತ್ತಿಗೆ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೇಳಿದಳು.

"ಹೋಗಿಲ್ಲ. ಹೇಳಿಸ್ಕೊಂಡಿದೀನಿ."

"ಹೇಳಿಸ್ಕೊಂಡ ದಾರಿಲಿ ಹೋಗ್ತಾಳಂತೆ! ಬಸ್ಸಿಗೇನಾಗಿದೆ?"

ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಬಸ್ಸಿಳಿದು ಬರಿಗೈಯಲ್ಲಿ ಅವನ ಮಗಳ ಬಾಗಿಲಲ್ಲಿ ನಿಂತರೆ ತಾನು ಯಾರು ಅಂತ ಹೇಳುವುದು? ದೋಣಿಯಿದ್ದರೆ ಅಷ್ಟರಮಟ್ಟಿಗೆ ಯಾರೋ ಒಬ್ಬಳು.

ಗಿರಣಿಯ ಒಡ್ಡು ಬಂದಾಗ ಬಿಸಿ ಹಿಟ್ಟಿನ ವಾಸನೆ ಮೊದಲು ಬಂತು. ಅವನು ಹೇಳಿದಂತೆಯೇ. ಗಿರಣಿಯವರು ದೋಣಿಯನ್ನು ಎತ್ತಿ ಒಡ್ಡಿನ ಕೆಳಗೆ ಇಳಿಸಿಕೊಟ್ಟರು. ಅವರ ಮನೆಯಲ್ಲೇ ಉಳಿದು ಮರುದಿನ ಹೊರಟಳು. ರೈಲು ಸೇತುವೆಯ ಕೆಳಗೆ ಅವಳ ಕೆಮ್ಮು ಮೂರು ಸಲ ತಿರುಗಿ ಕೇಳಿಸಿತು. ಒಂದೇ ಮನೆಯ ದಿಬ್ಬದಲ್ಲಿ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತ ಕೈಬೀಸಿದಳು. ಕಿವಿಯಿಂದ ಕಂಡಿದ್ದೆಲ್ಲ ಈಗ ಕಣ್ಣೆದುರಿಗೆ ಬರುತ್ತಿತ್ತು. ಪ್ರತಿಯೊಂದನ್ನೂ ಕಂಡಾಗ, ಇದನ್ನು ಹೇಳಿದ ದಿನ ಅವನು ಎಲ್ಲಿ ಕೂತಿದ್ದ, ದಡ ಎಷ್ಟು ಹತ್ತಿರವಿತ್ತು ಎಂಬುದೂ ನೆನಪಾಗುತ್ತಿತ್ತು. ದಿಬ್ಬ ದಾಟಿದ ಮೇಲೆ ಕಥೆ ಇರಲಿಲ್ಲ. ಅಲ್ಲಿಂದ ಮುಂದಿನದು ಅವಳು ಕೇಳಿಸಿಕೊಳ್ಳದ ಹೊಳೆ. ದಂಡೆಗಳು ತಗ್ಗಿದವು, ನೀರು ಅಗಲವಾಗಿ ಸುಸ್ತಾದಂತೆ ನಿಧಾನವಾಯಿತು. ಕೊನೆಗೆ ದೊಡ್ಡ ನದಿ ಎದುರಾಯಿತು. ಅದರ ನೀರು ಕೆಂಪು, ಇವಳ ಹೊಳೆಯದು ಹಸಿರು. ಸೇರಿದ ಮೇಲೂ ಸಾಕಷ್ಟು ದೂರ ಎರಡೂ ಬೇರೆ ಬೇರೆಯಾಗಿಯೇ ಪಕ್ಕಪಕ್ಕದಲ್ಲಿ ಹರಿಯುತ್ತಿದ್ದವು.

ಮಗಳದು ಹೊಲಿಗೆ ಅಂಗಡಿ ಎಂದು ಗೊತ್ತಿದ್ದರಿಂದ ಹುಡುಕುವುದು ಕಷ್ಟವಾಗಲಿಲ್ಲ. ಅವನು ಅಂಗಡಿಯ ಮೂಲೆಯಲ್ಲಿ ಕೂತು ಕನ್ನಡಕ ಹಾಕಿಕೊಂಡು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ತಲೆಯೆತ್ತಿ ನೋಡಿದವನು ಎದ್ದು ನಿಂತ. ಮಡಿಲಲ್ಲಿದ್ದ ಗುಂಡಿಗಳೆಲ್ಲ ನೆಲದ ಮೇಲೆ ಚೆಲ್ಲಿ ಉರುಳಾಡಿದವು. ಇಬ್ಬರೂ ಬಗ್ಗಿ ಆರಿಸತೊಡಗಿದರು. ಮುಖ ನೋಡುವುದಕ್ಕಿಂತ ಅದೇ ಸುಲಭವಾಗಿತ್ತು.

"ರಸ್ತೆ ಬಂತು," ಎಂದ ಅವನು.

"ಬಂತು."

"ನಾನು ರಸ್ತೆಲೂ ಬರ್ಲಿಲ್ಲ."

"ಗೊತ್ತಾಯ್ತು. ಎರಡು ವರ್ಷದಿಂದ ಕೆಲಸ ಇರ್ಲಿಲ್ಲ ಅಂತಾನೂ ಗೊತ್ತಾಯ್ತು."

ಅವನ ಕಿವಿ ಕೆಂಪಾದವು. "ಯಾರು ಹೇಳಿದ್ದು?"

"ಕಿರಾಣಿ ಅಂಗಡಿಯವರು."

"ಆ ಮನುಷ್ಯ ತೂಕದಲ್ಲಿ ಕಮ್ಮಿ, ಮಾತಲ್ಲಿ ಜಾಸ್ತಿ."

"ಮತ್ತೆ ಅಷ್ಟು ಭಾರದ ಚೀಲ ಯಾಕೆ ತರ್ತಿದ್ರಿ? ಎಳೆದೂ ಎಳೆದೂ ನನ್ನ ರಟ್ಟೆ ಬಿದ್ದುಹೋಗ್ತಿತ್ತು."

"ಚೀಲ ಇಲ್ದೆ ಬಂದ್ರೆ, ಯಾಕೆ ಬಂದ್ರಿ ಅಂತ ಕೇಳ್ತಿದ್ರಲ್ಲ ನೀವು."

"ನಾನು ಕೇಳ್ತಿರ್ಲಿಲ್ಲ."

"ಕೇಳಿದ್ರೆ ಚೆನ್ನಾಗಿತ್ತು," ಎಂದ ಅವನು, ಅಂಗೈಯಲ್ಲಿದ್ದ ಗುಂಡಿಗಳನ್ನು ನೋಡುತ್ತ.

ಹೊಲಿಗೆ ಯಂತ್ರ ನಿಂತು ಎಷ್ಟೋ ಹೊತ್ತಾಗಿತ್ತು. ಮಗಳು ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಎದ್ದು ಬಂದಳು. ಅಪ್ಪನನ್ನೂ ಬಂದವಳನ್ನೂ ಬದಲಿಸಿ ಬದಲಿಸಿ ನೋಡಿದಳು. ಏನೆಂದು ಕರೆಯುವುದೆಂದು ತಡವರಿಸುತ್ತಿದ್ದಾಳೆ ಎಂದು ದೋಣಿಯಕ್ಕನಿಗೆ ತಿಳಿಯಿತು. ಎಲ್ಲರಂತೆ ಅಕ್ಕ ಅನ್ನಬಹುದಿತ್ತು. ಅತ್ತೆ ಅಂದರೆ ಅವಳನ್ನು ಅಪ್ಪನ ತಂಗಿಯ ಜಾಗದಲ್ಲಿ ಕೂರಿಸಿ ಬಾಗಿಲು ಹಾಕಿದಂತಾಗುತ್ತಿತ್ತು.

"ಕೈಕಾಲು ತೊಳ್ಕೊಳ್ಳಿ, ಚಿಕ್ಕಮ್ಮ," ಎಂದಳು ಹುಡುಗಿ. "ಊಟ ಮಾಡಿ ಆಮೇಲೆ ಮಾತಾಡಿ."

ದೋಣಿಯಕ್ಕ ಬಚ್ಚಲಿಗೆ ಹೋಗಿ ಕೈಕಾಲು ತೊಳೆಯುವುದಕ್ಕೆ ಬೇಕಾದದ್ದಕ್ಕಿಂತ ಬಹಳ ಹೊತ್ತು ನಿಂತಳು.

ಆದರೆ ಅವತ್ತೇ ಎಲ್ಲ ಮುಗಿಯಲಿಲ್ಲ. ಮಗಳ ಹೆರಿಗೆಯಾಗಬೇಕು, ಬಾಣಂತನವಾಗಬೇಕು. ಅಳಿಯ ದೂರದ ಕೆಲಸದಲ್ಲಿದ್ದ. ಬಿಟ್ಟು ಬನ್ನಿ ಎಂದು ಅವಳು ಕೇಳಲಾರಳು, ಕೇಳಿದರೂ ಅವನು ಬರಲಾರ. ದೋಣಿಯೂ ಹಿಂದಕ್ಕೆ ಹೋಗುವಂತಿರಲಿಲ್ಲ. ತುಂಬಿದ ಎದುರು ನೀರಿನಲ್ಲಿ ಒಬ್ಬಳೇ ಹುಟ್ಟು ಹಾಕುವುದು ಸಾಧ್ಯವೇ ಇಲ್ಲದ ಮಾತು. ದೋಣಿಯನ್ನು ಸಂಗಮದ ಮೀನುಗಾರರ ಗೂಟಕ್ಕೆ ಕಟ್ಟಿ, ಅವಳು ಬಸ್ಸಿಗೆ ನಿಂತಳು. ಅವನೂ ಬಂದು ಪಕ್ಕದಲ್ಲಿ ನಿಂತ.

"ಬೇಸಿಗೇಲಿ ನೀರು ಇಳಿಯುತ್ತೆ. ದಂಡೆ ಮೇಲಿಂದ ಹಗ್ಗ ಹಾಕಿ ಎಳ್ಕೊಂಡು ಬರ್ತೀನಿ, ದೋಣಿನ."

"ಅಷ್ಟು ದೂರನಾ? ಲಾರಿಗೆ ಹಾಕಿದ್ರಾಯ್ತು, ನಮ್ಮಣ್ಣನ ಕೈಲಿ ಹೇಳಿಸ್ತೀನಿ."

"ಬೇಡ. ನಾನೇ ತರ್ತೀನಿ." ಬಸ್ಸು ಬಂದಾಗ ಮತ್ತೆ ಹೇಳಿದ, "ತಡ ಆಗಬಹುದು."

ತಡವಾಯಿತು. ಚಳಿ ಬಂತು, ಹೋಯಿತು. ಮಗಳಿಗೆ ಹೆಣ್ಣು ಮಗುವಾಯಿತೆಂದು ಯಾರೋ ಬಸ್ಸಿನವರು ಹೇಳಿ ಹೋದರು. ದೋಣಿಯಿಲ್ಲದ ಕಡವಿನಲ್ಲಿ ಅವಳು ಕೂರುವುದನ್ನು ಬಿಟ್ಟು, ಅತ್ತಿಗೆಯ ಜೊತೆ ನಿಂತು ಇಸ್ತ್ರಿ ಹಾಕುವುದನ್ನು ಕಲಿತಳು. ಅಂಗಿಗಳ ತೋಳು ಮಡಿಸುವಾಗ ಕೈ ತಾನಾಗಿ ಹುಟ್ಟು ಎಳೆದಂತೆ ಎಳೆಯುತ್ತಿತ್ತು. ಕಾಯುವುದು ಹೊಸದೇನಲ್ಲ, ಆದರೆ ಹಿಂದೆ ಕಾಯುತ್ತಿದ್ದದ್ದು ಬರುತ್ತಾನೋ ಇಲ್ಲವೋ ಎಂದು. ಈಗ ಬರುತ್ತಾನೆ ಎಂದು ಕಾಯುವುದು ಅದಕ್ಕಿಂತ ಕಷ್ಟವಾಗಿತ್ತು. ಯಾವತ್ತು ಎಂಬುದೊಂದೇ ಉಳಿದಿದ್ದರಿಂದ ಪ್ರತಿ ದಿನವೂ ಅದೇ ದಿನವಾಗಬಹುದಿತ್ತು.

ಬಿಸಿಲು ಏರಿದ ಮೇಲೆ ಸುದ್ದಿ ಬರತೊಡಗಿತು. ಹೆಗಲಿಗೆ ಹಗ್ಗ ಸುತ್ತಿಕೊಂಡು ಖಾಲಿ ದೋಣಿ ಎಳೆಯುತ್ತ ಒಬ್ಬ ಮನುಷ್ಯ ದಿಬ್ಬದ ಮನೆಯ ಹತ್ತಿರ ನೀರು ಕೇಳಿದನಂತೆ, ಲಾರಿಯವರಿಂದ ಕೇಳಿ ಅಣ್ಣ ಹೇಳಿದ. ಅದಾದ ಮೇಲೆ ಬಹಳ ದಿನ ಏನೂ ಇಲ್ಲ. ಕಾಲು ಉಳುಕಿ ರೈಲು ಸೇತುವೆಯ ಗೇಟಿನವರ ಮನೆಯಲ್ಲಿ ಬಿದ್ದುಕೊಂಡಿದ್ದಾನೆ ಎಂದು ಯಾರೋ ಅಂದರು, ಇಲ್ಲ ಹೊರಟ ಎಂದು ಇನ್ಯಾರೋ ಅಂದರು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಎಲ್ಲ ಕೇಳಿದವಳು ಅತ್ತಿಗೆ.

ಕೊನೆಗೊಂದು ಬೆಳಿಗ್ಗೆ ಗಿರಣಿಯಿಂದ ಹಿಟ್ಟು ತಂದ ಗಾಡಿಯವನು ಇಸ್ತ್ರಿ ಅಂಗಡಿಯ ಮುಂದೆ ನಿಲ್ಲಿಸಿ ಹೇಳಿದ: "ನಿಮ್ಮ ಮನೆ ದೋಣಿ ನಿನ್ನೆ ಒಡ್ಡು ಹತ್ತಿಸಿದ್ವಕ್ಕ. ನಾವು ಆರು ಜನ, ಅವರೊಬ್ಬರು. ಕುಂಟ್ತಾರೆ, ಆದ್ರೆ ಬಿಡಲ್ಲ ಅಂತಾರೆ."

ದೋಣಿಯಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?" ಎಂದಳು ಅತ್ತಿಗೆ, ಗೊತ್ತಿದ್ದೂ.

"ಇನ್ನೊಂದು ಹಗ್ಗ ಎಲ್ಲಿದೆ?"

"ಇಲ್ಲೇ ಬರ್ತಾರಲ್ಲೇ, ಎರಡು ದಿನ ತಡ್ಕೋ! ಅಷ್ಟು ವರ್ಷ ತಡ್ಕೊಂಡೋಳಿಗೆ..."

"ಅದಕ್ಕೇ ಇನ್ನು ಆಗಲ್ಲ," ಎಂದು ಹಿತ್ತಲಿನ ಮೊಳೆಯಿಂದ ಹಗ್ಗ ಇಳಿಸಿಕೊಂಡಳು.

ಅತ್ತಿಗೆ ಬೈಯುತ್ತಲೇ ಒಂದು ಸೀಸೆ ನೀರು ತುಂಬಿಕೊಟ್ಟಳು, ಉಳುಕಿಗೆ ಹಚ್ಚುವ ಎಣ್ಣೆ ಕೊಟ್ಟಳು, ಬಾಗಿಲವರೆಗೂ ಬಂದು ತಲೆಗೆ ಬಟ್ಟೆ ಸುತ್ತಿಕೋ ಎಂದು ಕೂಗಿದಳು. ದೋಣಿಯಕ್ಕ ಹೊಸ ರಸ್ತೆ ದಾಟಿ, ಕತ್ತು ಕೊಯ್ದ ಜಾಗದಲ್ಲಿ ದಂಡೆಗಿಳಿದಳು. ಹೊಳೆ ಸೊಂಟ ಮುಟ್ಟದಷ್ಟು ಇಳಿದಿತ್ತು, ಕಲ್ಲುಗಳ ಮೇಲೆ ಸಣ್ಣಗೆ ಸದ್ದು ಮಾಡುತ್ತ ಕೆಳಕ್ಕೆ ಹೋಗುತ್ತಿತ್ತು. ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಅವಳೂ ನೀರು ಹೋಗುವ ಕಡೆಗೇ ನಡೆದಳು. ಮೊದಲ ತಿರುವಿನಲ್ಲಿ ಯಾರೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಬಿಸಿಲು ಜೋರಾಗಿತ್ತು. ಅವಳು ಇನ್ನಷ್ಟು ಬೇಗ ಬೇಗ ಹೆಜ್ಜೆ ಹಾಕಿದಳು.